ಕಬಡ್ಡಿಯಲ್ಲಿ ರೇಟ್ ಮಾತ್ರ ಮಾತಾಡಿದರೆ ಸಾಲದು, ಕರಾರೂ ಬೇಕು

ಪುತ್ತೂರು, ಸುಳ್ಯ, ಕಡಬ ಕಡೆ ಮಳೆ ಬಿಟ್ಟ ಮೇಲೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳು ಶುರುವಾಗುತ್ತವೆ. ಊರಿನ ತಂಡಕ್ಕೆ ಹೊರಗಿನಿಂದ ಒಬ್ಬ ಒಳ್ಳೆ ರೈಡರ್ ಕರೆಸುವುದು ಹೊಸತೇನಲ್ಲ. ಮಾತುಕತೆ ಫೋನಿನಲ್ಲೇ ಮುಗಿಯುತ್ತದೆ: ಇಷ್ಟು ಕೊಡ್ತೇವೆ, ಬನ್ನಿ. ಮೊಣಕಾಲು ತಿರುಚಿದರೆ ಆಸ್ಪತ್ರೆ ಬಿಲ್ ಯಾರದ್ದು? ಆ ಮಾತು ಬರುವುದೇ ಇಲ್ಲ.

ಕಬಡ್ಡಿಯಲ್ಲಿ ಅಷ್ಟು ದುಡ್ಡುಂಟಾ ಅಂತ ಕೇಳುವವರಿಗೆ ಪುತ್ತೂರಿನಲ್ಲೇ ಉತ್ತರ ಇದೆ. 2018ರ ಪ್ರೊ ಕಬಡ್ಡಿ ಹರಾಜಿನಲ್ಲಿ ಇಲ್ಲಿಯ ಪ್ರಶಾಂತ್ ಕುಮಾರ್ ರೈ ಅವರನ್ನು ಯುಪಿ ಯೋಧಾ ತಂಡ 79 ಲಕ್ಷ ರೂಪಾಯಿಗೆ ಕೊಂಡಿತ್ತು. ಆ ಮೊತ್ತ ಎಲ್ಲರಿಗೂ ನೆನಪಿರುತ್ತದೆ. ಅದರ ಹಿಂದಿನ ನಿಯಮಗಳು ಮಾತ್ರ ಯಾರಿಗೂ ಬೇಡ.

ಲೀಗ್‌ನಲ್ಲಿ ಪ್ರತಿ ತಂಡಕ್ಕೂ ಖರ್ಚಿನ ಮಿತಿ ಇದೆ. 10ನೇ ಸೀಸನ್‌ನಲ್ಲಿ ಅದು 5 ಕೋಟಿ ಆಯಿತು. ಆಟಗಾರರಿಗೆ ನಾಲ್ಕು ವರ್ಗ. ಎ ವರ್ಗದ ಮೂಲ ಬೆಲೆ 30 ಲಕ್ಷ, ಡಿ ವರ್ಗದ್ದು 9 ಲಕ್ಷ. ಕರಾರು ಮುಗಿದ ಆಟಗಾರ ಹರಾಜಿಗೆ ಹೋದರೂ, ಬೇರೆ ತಂಡ ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ಹಳೆಯ ತಂಡ ಅವನನ್ನು ಉಳಿಸಿಕೊಳ್ಳಬಹುದು. ಇದಕ್ಕೆ ಫೈನಲ್ ಬಿಡ್ ಮ್ಯಾಚ್ ಅಂತಾರೆ.

ಫೈಟರ್‌ಗಳಿಗೆ ಸಹಿ ಹಾಕಿಸಿ ಫೈಟ್ ಕಂಪನಿ ನಡೆಸುವ ಕಂಪ್ಯೂಟರ್ ಗೇಮ್ ಆಡಿದ ಹುಡುಗರಿಗೆ ಈ ಲೆಕ್ಕ ಅರ್ಥವಾಗುತ್ತದೆ. ಹೆಸರಿರುವ ಒಬ್ಬನ ಮೇಲೆ ಎಲ್ಲಾ ಹಣ ಸುರಿದರೆ, ಅವನಿಗೆ ಗಾಯವಾದ ದಿನ ಕಂಪನಿಯೂ ಕುಂಟುತ್ತದೆ.

2022ರಲ್ಲಿ ನಿಜವಾಗಿಯೂ ಹೀಗಾಯಿತು. ತಮಿಳ್ ತಲೈವಾಸ್ ಪವನ್ ಸೆಹ್ರಾವತ್‌ಗೆ 2.26 ಕೋಟಿ ಕೊಟ್ಟಿತು. ಆಗ ತಂಡದ ಮಿತಿ ಇದ್ದದ್ದೇ 4.4 ಕೋಟಿ. ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಗಾಯ, ಇಡೀ ಸೀಸನ್ ಹೊರಗೆ. ಆದರೂ ತಂಡ ಸೆಮಿಫೈನಲ್ ತಲುಪಿತು, ಯಾಕೆಂದರೆ ನರೇಂದರ್ ಎಂಬ ಹೊಸ ಹುಡುಗ ರೈಡಿಂಗ್ ಹೊತ್ತುಕೊಂಡ. ಮುಂದಿನ ಸೀಸನ್‌ನಲ್ಲಿ ತೆಲುಗು ಟೈಟಾನ್ಸ್ ಅದೇ ಪವನ್‌ಗೆ 2.605 ಕೋಟಿ ಕೊಟ್ಟಿತು. 22 ಪಂದ್ಯಗಳಲ್ಲಿ ಗೆದ್ದದ್ದು 2. ತಪ್ಪು ಪವನ್‌ರದ್ದಲ್ಲ, ಅರ್ಧಕ್ಕಿಂತ ಹೆಚ್ಚು ಹಣ ಒಬ್ಬರಿಗೇ ಹೋದರೆ ಉಳಿದವರನ್ನು ಆರಿಸಲು ಕೈ ಕಟ್ಟಿದ ಹಾಗೆ.

ನಮ್ಮ ಊರಿನ ಪಂದ್ಯಾಟಕ್ಕೆ ಇಷ್ಟೆಲ್ಲ ನಿಯಮ ಬೇಡ. ಆದರೆ ಒಂದು ಹಾಳೆಯಲ್ಲಿ ಆರು ವಿಷಯ ಬರೆದು ಎರಡೂ ಕಡೆಯವರು ಸಹಿ ಹಾಕಬಹುದಲ್ಲ: ಎಷ್ಟು ಪಂದ್ಯ, ಎಷ್ಟು ಹಣ, ಯಾವಾಗ, ಅದೇ ರಾತ್ರಿ ಬೇರೆ ಅಂಕಣದಲ್ಲಿ ಆಡಬಹುದೋ ಇಲ್ಲವೋ, ಮಳೆ ಬಂದು ಪಂದ್ಯ ನಿಂತರೆ ಏನು, ಗಾಯವಾದರೆ ಖರ್ಚು ಯಾರದ್ದು.

ಇದು ಅಪನಂಬಿಕೆ ಅಲ್ಲ ಮಾರ್ರೆ. ದೊಡ್ಡ ಲೀಗ್‌ನ ಆಟಗಾರನಿಗೆ ಗಾಯವಾದ ಮೇಲೂ ಇನ್ನೊಂದು ಹರಾಜು ಸಿಕ್ಕೀತು. ಹಗಲು ರಬ್ಬರ್ ಟ್ಯಾಪಿಂಗಿಗೋ ಅಡಿಕೆ ತೋಟಕ್ಕೋ ಹೋಗಿ ರಾತ್ರಿ ಅಂಕಣಕ್ಕೆ ಇಳಿಯುವ ಹುಡುಗನಿಗೆ ಮೊಣಕಾಲು ಹೋದರೆ ಆಟದ ಜೊತೆ ಹೊಟ್ಟೆಪಾಡೂ ಹೋಗುತ್ತದೆ. ಆರು ವಿಷಯಗಳಲ್ಲಿ ಒಂದನ್ನೇ ಬರೆಯುವುದಾದರೂ ಕೊನೆಯದ್ದನ್ನು ಬರೆಯಿರಿ.