ಬೆಕ್ಕಿಗೆ ಬೇಲಿ ಹಾಕಿದ ಆಸ್ಟ್ರೇಲಿಯಾ

ಹಾಲು ಒಂದು ಮನೆಯಲ್ಲಿ, ನಿದ್ದೆ ಇನ್ನೊಂದು ಮನೆಯಲ್ಲಿ, ಇಲಿಯ ಬೇಟೆ ಮೂರನೆಯವರ ಅಟ್ಟದಲ್ಲಿ. ಬೆಕ್ಕಿನ ಈ ಸ್ವಭಾವವನ್ನು ಒಪ್ಪಿಕೊಂಡೇ ಅದರೊಡನೆ ಬಾಳಿದವರು ನಾವು. ಆದರೆ ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1 ಅಥವಾ ಅನಂತರ ಹುಟ್ಟಿದ ಬೆಕ್ಕನ್ನು ಮನಬಂದಂತೆ ಸುತ್ತಾಡಲು ಬಿಡುವಂತಿಲ್ಲ. ಅದು ಮನೆಯೊಳಗೆ ಇಲ್ಲವೇ ಹಿತ್ತಲಿನ ಬಲೆಗೂಡಿನಲ್ಲಿ ಇರಬೇಕು. ಹೊರಗೆ ಕರೆದೊಯ್ಯುವುದಾದರೆ ನಾಯಿಯಂತೆ ಹಗ್ಗ ಕಟ್ಟಿರಬೇಕು.

ಮುದ್ದಿನ ಪ್ರಾಣಿಯೊಂದರ ಮೇಲೆ ಇಷ್ಟು ಬಿಗಿ ಏಕೆ? ಇದಕ್ಕೆ ಉತ್ತರ ಆ ಖಂಡದ ಇತಿಹಾಸದಲ್ಲಿದೆ.

ಬೆಕ್ಕಿಲ್ಲದ ನಾಡು

ಆಸ್ಟ್ರೇಲಿಯಾದಲ್ಲಿ ಹುಲಿ, ಚಿರತೆಗಳಿರಲಿ, ಬೆಕ್ಕಿನ ಕುಟುಂಬಕ್ಕೆ ಸೇರಿದ ಒಂದು ಪ್ರಾಣಿಯೂ ಮೂಲತಃ ಇರಲಿಲ್ಲ. 1788ರಲ್ಲಿ ಬ್ರಿಟಿಷ್ ವಲಸಿಗರ ಹಡಗುಗಳೊಂದಿಗೆ ಬೆಕ್ಕು ಅಲ್ಲಿಗೆ ಕಾಲಿಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೊಲಗಳ ಹಾವಳಿ ತಡೆಯಲೆಂದು ಜನರೇ ಬೆಕ್ಕುಗಳನ್ನು ಬಯಲಿಗೆ ಬಿಟ್ಟರು. ಮನೆಯ ಹಂಗಿಲ್ಲದೆ ಬೇಟೆಯಾಡಿ ಬದುಕುವ ಇಂಥ ಬೆಕ್ಕುಗಳು ಇಂದು ದೇಶದ ಶೇ. 99ಕ್ಕೂ ಹೆಚ್ಚು ಭೂಭಾಗದಲ್ಲಿವೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಅವುಗಳ ಸಂಖ್ಯೆ ಸುಮಾರು 21 ಲಕ್ಷ. ಒಳ್ಳೆಯ ಮಳೆಯಾದರೆ ಅದು 63 ಲಕ್ಷಕ್ಕೆ ಏರುತ್ತದೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ.

ಹೊಂಚು ಹಾಕಿ ಹಾರುವ ಇಂಥ ಬೇಟೆಗಾರನನ್ನು ಅಲ್ಲಿನ ಸಣ್ಣ ಪ್ರಾಣಿಗಳು ಕಂಡೇ ಇರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಸಸ್ತನಿ ಪ್ರಭೇದಗಳ ಅಳಿವಿನಲ್ಲಿ ಬೆಕ್ಕಿನ ಪಾತ್ರವಿದೆ.

ಸಾಕಿದ ಬೆಕ್ಕೂ ಹೊರತಲ್ಲ

2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆಸ್ಟ್ರೇಲಿಯಾದಲ್ಲಿ ಬೆಕ್ಕುಗಳು ವರ್ಷಕ್ಕೆ ಸುಮಾರು 37.7 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಇವುಗಳಲ್ಲಿ ಸುಮಾರು 6.1 ಕೋಟಿ ಹಕ್ಕಿಗಳು ಬಲಿಯಾಗುವುದು ಸಾಕಿದ ಬೆಕ್ಕುಗಳಿಗೆ. ಹೊಟ್ಟೆ ತುಂಬಿದ ಮಾತ್ರಕ್ಕೆ ಬೆಕ್ಕಿನ ಬೇಟೆಯ ಹುಮ್ಮಸ್ಸು ಅಡಗುವುದಿಲ್ಲ. ತಟ್ಟೆಯಲ್ಲಿ ಊಟವಿದ್ದರೂ ರೆಕ್ಕೆ ಬಡಿದದ್ದರತ್ತ ಅದು ಹಾರುತ್ತದೆ.

ತಳಿಗಳ ವಿಷಯದಲ್ಲೂ ಆ ದೇಶ ಎಚ್ಚರ ವಹಿಸಿದೆ. ಪರ್ಷಿಯನ್, ಸಯಾಮೀಸ್ ಬೆಕ್ಕುಗಳನ್ನು ಸಾಕಲು ಅಡ್ಡಿಯಿಲ್ಲ. ಆದರೆ ಆಫ್ರಿಕಾದ ಸರ್ವಾಲ್ ಎಂಬ ಕಾಡುಪ್ರಾಣಿಗೂ ಸಾಕುಬೆಕ್ಕಿಗೂ ಹುಟ್ಟಿಸಿದ ಸವಾನಾ ತಳಿಯ ಆಮದನ್ನು 2008ರಲ್ಲಿ ನಿಷೇಧಿಸಲಾಯಿತು. ಸಾಮಾನ್ಯ ಬೆಕ್ಕಿಗಿಂತ ದೊಡ್ಡದಾದ, ಎತ್ತರಕ್ಕೆ ಜಿಗಿಯಬಲ್ಲ ಈ ತಳಿ ಕಾಡುಪಾಲಾದರೆ ಇನ್ನಷ್ಟು ಜೀವಿಗಳಿಗೆ ಕುತ್ತು ಎಂಬುದೇ ಆತಂಕ.

ಕೊಲ್ಲುವುದೇ ಪರಿಹಾರವೇ?

2020ರೊಳಗೆ 20 ಲಕ್ಷ ಕಾಡುಪಾಲಾದ ಬೆಕ್ಕುಗಳನ್ನು ಕೊಲ್ಲುವ ಗುರಿಯನ್ನು ಸರ್ಕಾರ 2015ರಲ್ಲಿ ಪ್ರಕಟಿಸಿದಾಗ ವಿಶ್ವದೆಲ್ಲೆಡೆ ವಿರೋಧ ವ್ಯಕ್ತವಾಯಿತು. ಫ್ರಾನ್ಸಿನ ನಟಿ ಬ್ರಿಜಿತ್ ಬಾರ್ಡೊ ಅದನ್ನು ಬಹಿರಂಗವಾಗಿ ಖಂಡಿಸಿದರು. ಆಸ್ಟ್ರೇಲಿಯಾದ ವಿಜ್ಞಾನಿಗಳಲ್ಲೇ ಕೆಲವರು ಬೇರೊಂದು ಪ್ರಶ್ನೆ ಎತ್ತಿದರು: ಸತ್ತ ಬೆಕ್ಕುಗಳ ಲೆಕ್ಕದಿಂದ ಏನು ತಿಳಿಯುತ್ತದೆ? ಉಳಿದ ವನ್ಯಜೀವಿಗಳ ಲೆಕ್ಕವಲ್ಲವೇ ಮುಖ್ಯ?

ನಿರ್ದಿಷ್ಟ ಪ್ರದೇಶವನ್ನು ಬೆಕ್ಕುಮುಕ್ತಗೊಳಿಸುವ ಯತ್ನಗಳು ಹೆಚ್ಚು ಫಲ ನೀಡಿವೆ. ಮಧ್ಯ ಆಸ್ಟ್ರೇಲಿಯಾದ ನ್ಯೂಹೇವನ್ ಅಭಯಾರಣ್ಯದಲ್ಲಿ 2018ರಲ್ಲಿ 44 ಕಿ.ಮೀ. ಉದ್ದದ ಬೇಲಿ ಪೂರ್ಣಗೊಂಡಿತು. ಒಳಗೆ ಉಳಿದಿದ್ದ ಬೆಕ್ಕುಗಳನ್ನು ಹೆಜ್ಜೆಗುರುತಿನ ಜಾಡು ಹಿಡಿದು ಪತ್ತೆ ಹಚ್ಚಲು ವಾರ್ಲ್‌ಪಿರಿ ಮೂಲನಿವಾಸಿಗಳು ನೆರವಾದರು. ಅದೇ ವರ್ಷ ಪಶ್ಚಿಮ ಕರಾವಳಿಯ ಡರ್ಕ್ ಹಾರ್ಟಾಗ್ ದ್ವೀಪವೂ ಬೆಕ್ಕುಮುಕ್ತವೆಂದು ಘೋಷಿತವಾಯಿತು.

ಮನೆಯೊಳಗೆ ಕೂಡಿಹಾಕಿದ ಬೆಕ್ಕು ಬೇಸರದಿಂದ ಬಳಲುತ್ತದೆ ಎಂಬ ಬೆಕ್ಕುಪ್ರಿಯರ ಆಕ್ಷೇಪದಲ್ಲೂ ಹುರುಳಿದೆ. ಹತ್ತಲು ಮೆಟ್ಟಿಲು, ಕೆರೆಯಲು ಮರದ ತುಂಡು, ಆಟಕ್ಕೆ ಒಡೆಯನ ಸಮಯ ಇವಿಷ್ಟನ್ನು ಒದಗಿಸದೆ ಬಾಗಿಲು ಮುಚ್ಚುವುದು ಸರಿಯಲ್ಲ. ಆದರೆ ಒಳಗಿರುವ ಬೆಕ್ಕಿಗೆ ವಾಹನಗಳ ಭಯವಾಗಲಿ, ಬೀದಿ ಕಾಳಗದ ಗಾಯವಾಗಲಿ ಇರುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಆಸ್ಟ್ರೇಲಿಯಾದ ಕಾನೂನನ್ನು ನಮ್ಮ ಊರುಗಳಿಗೆ ಹಾಗೆಯೇ ಅನ್ವಯಿಸಲಾಗದು. ನಮ್ಮ ಹಕ್ಕಿ, ಓತಿಗಳು ಕಾಡುಬೆಕ್ಕು, ಚಿರತೆಬೆಕ್ಕುಗಳ ನಡುವೆಯೇ ವಿಕಾಸಗೊಂಡವು. ಆದರೂ ಅಲ್ಲಿನ ಅನುಭವ ನಮಗೂ ಒಂದು ಮಾತು ಹೇಳುತ್ತದೆ. ಮುದ್ದಿನ ಬೆಕ್ಕಿಗೂ ಕಾಡುಪಾಲಾದ ಬೆಕ್ಕಿಗೂ ನಡುವೆ ಇರುವುದು ಒಂದೇ ಒಂದು ಸೂಲಿನ ಅಂತರ. ಬೇಡವಾದ ಮರಿಗಳನ್ನು ಚೀಲದಲ್ಲಿ ತುಂಬಿ ಊರಾಚೆ ಬಿಟ್ಟುಬರುವ ಬದಲು, ತಾಯಿಬೆಕ್ಕಿಗೆ ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಬೆಕ್ಕಿಗೂ ಹಕ್ಕಿಗೂ ಹಿತ.