ಕಾಡು ಸುಟ್ಟ ಹೊಗೆ ಓಜೋನ್ ಪದರದವರೆಗೆ

2019ರ ಡಿಸೆಂಬರ್ ಕೊನೆಯಲ್ಲಿ ಆಸ್ಟ್ರೇಲಿಯಾದ ಆಗ್ನೇಯ ಭಾಗದ ನೀಲಗಿರಿ ಕಾಡುಗಳು ಹೊತ್ತಿ ಉರಿಯುತ್ತಿದ್ದಾಗ, ಅಗ್ನಿಶಾಮಕ ಸಿಬ್ಬಂದಿ ಜ್ವಾಲೆಯಷ್ಟೇ ಆತಂಕದಿಂದ ಆಕಾಶವನ್ನೂ ನೋಡುತ್ತಿದ್ದರು. ಹೊಗೆಯ ನೆತ್ತಿಯಲ್ಲಿ ಬಿಳಿ ಮೋಡ ಹೂಕೋಸಿನಂತೆ ಅರಳಿತೆಂದರೆ, ಬೆಂಕಿ ಯಾವ ಕಡೆ ತಿರುಗೀತು ಎಂಬ ಲೆಕ್ಕಾಚಾರ ತಲೆಕೆಳಗಾದಂತೆಯೇ. ಡಿಸೆಂಬರ್ 30ರಂದು ನ್ಯೂ ಸೌತ್ ವೇಲ್ಸ್‌ನ ಜಿಂಜೆಲ್ಲಿಕ್ ಬಳಿ ಬೆಂಕಿಯೇ ಎಬ್ಬಿಸಿದ ಬಿರುಗಾಳಿ ಅಗ್ನಿಶಾಮಕ ಲಾರಿಯೊಂದನ್ನು ಮಗುಚಿಹಾಕಿತು. ಯುವ ಸ್ವಯಂಸೇವಕರೊಬ್ಬರು ಪ್ರಾಣ ಕಳೆದುಕೊಂಡರು.

ಈ ಮೋಡಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಪೈರೋಕ್ಯುಮುಲೊನಿಂಬಸ್. ಕಾಡ್ಗಿಚ್ಚಿನ ಕಾವಿಗೆ ಗಾಳಿ ರಭಸದಿಂದ ಮೇಲೇಳುತ್ತದೆ. ಏರಿದಂತೆ ತಣಿದು, ಅದರಲ್ಲಿನ ತೇವ ಹನಿಗಟ್ಟುತ್ತದೆ. ಆಗ ಹೊರಬೀಳುವ ಶಾಖ ಅದನ್ನು ಇನ್ನೂ ಎತ್ತರಕ್ಕೆ ನೂಕುತ್ತದೆ. ಗುಡುಗು, ಮಿಂಚು ಎಲ್ಲ ಉಂಟು. ಮಳೆ ಮಾತ್ರ ಅಪರೂಪ. ಎಣಿಕೆಗೆ ಸಿಗದಷ್ಟು ಹೊಗೆಕಣಗಳಿಗೆ ನೀರು ಹಂಚಿಹೋಗಿ ಹನಿಗಳು ದಪ್ಪವಾಗುವುದೇ ಇಲ್ಲ. ಉದುರಿದ ಅಷ್ಟಿಷ್ಟೂ ಒಣಗಾಳಿಯಲ್ಲಿ ಆರಿಹೋಗುತ್ತದೆ. ಸಿಡಿಲು ನೆಲ ಮುಟ್ಟಿ ದೂರದಲ್ಲಿ ಹೊಸ ಕಿಚ್ಚು ಹೊತ್ತಿಸುತ್ತದೆ. ಇದಕ್ಕಿಂತ ಕ್ರೂರವಾದ ಮೋಡ ಇನ್ನೊಂದಿಲ್ಲ.

ಓಜೋನ್ ಪದರವಿರುವ, ವಾಯುಮಂಡಲದ ಎರಡನೇ ಸ್ತರವಾದ ಸ್ತರಗೋಳಕ್ಕೆ ಭಾರಿ ಪ್ರಮಾಣದ ಕಣಗಳನ್ನು ತೂರಬಲ್ಲದ್ದು ಜ್ವಾಲಾಮುಖಿಯೊಂದೇ ಎಂದು ಬಹುಕಾಲ ನಂಬಲಾಗಿತ್ತು. 1998ರ ಉಪಗ್ರಹ ಮಾಹಿತಿ ಹಿಡಿದು ಕುಳಿತ ಅಮೆರಿಕದ ವಿಜ್ಞಾನಿ ಮೈಕೆಲ್ ಫ್ರಾಮ್ ಮತ್ತು ಸಂಗಡಿಗರು, ಅಲ್ಲಿ ಉತ್ತರ ಗೋಳಾರ್ಧದ ಕಾಡುಗಳ ಹೊಗೆಯೂ ಇದೆ ಎಂದು ತೋರಿಸಿದರು.

ಆಸ್ಟ್ರೇಲಿಯಾದ ಹೊಗೆ ಇದಕ್ಕಿಂತ ಬಹಳ ಮುಂದೆ ಹೋಯಿತು. ಅದರಲ್ಲಿನ ಕಪ್ಪು ಮಸಿ ಬಿಸಿಲು ಹೀರಿ ಸುತ್ತಲ ಗಾಳಿಯನ್ನು ಕಾಯಿಸಿತು. ಆ ಕಾವಿಗೇ ಹೊಗೆ ಮತ್ತೆ ಮೇಲೇರಿತು. ಸುಮಾರು ಸಾವಿರ ಕಿಲೋಮೀಟರ್ ಅಗಲದ ಒಂದು ಸುಳಿ ರೂಪುಗೊಂಡು, ಸುಮಾರು ಮೂರು ತಿಂಗಳು ಚದುರದೆ ಸುತ್ತುತ್ತ 35 ಕಿಲೋಮೀಟರ್ ಎತ್ತರ ಮುಟ್ಟಿತು. ಕೆಳಗಿದ್ದಿದ್ದರೆ ಮಳೆ ಆ ಮಸಿಯನ್ನು ಕೆಲವೇ ದಿನಗಳಲ್ಲಿ ತೊಳೆಯುತ್ತಿತ್ತು. ಅಷ್ಟು ಎತ್ತರದಲ್ಲಿ ಮಳೆಯೆಲ್ಲಿ?

ನನ್ನನ್ನು ಕಾಡುವುದು ಇದರ ಮುಂದಿನ ಭಾಗ. 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಓಜೋನ್ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಆದರೆ ಹಳೆಯ ಶೈತ್ಯಕಾರಕಗಳ ಕ್ಲೋರಿನ್ ಇನ್ನೂ ಮೇಲೆಯೇ ಇದೆ, ಬಹುಪಾಲು ಓಜೋನಿಗೆ ಕೇಡು ಮಾಡದ ರೂಪದಲ್ಲಿ. ಅದರಲ್ಲಿ ಮುಖ್ಯವಾದ ಹೈಡ್ರೋಜನ್ ಕ್ಲೋರೈಡ್ ಹೊಗೆಯ ಸಾವಯವ ಕಣಗಳಲ್ಲಿ ಸುಲಭವಾಗಿ ಕರಗಿ, ಓಜೋನ್ ತಿನ್ನುವ ರೂಪಕ್ಕೆ ತಿರುಗುತ್ತದೆಂದು ವಿಜ್ಞಾನಿ ಸೂಸನ್ ಸಾಲೊಮನ್ ಮತ್ತು ಸಹೋದ್ಯೋಗಿಗಳು 2023ರಲ್ಲಿ ವಿವರಿಸಿದರು. ಅವರ ಲೆಕ್ಕದಲ್ಲಿ, ದಕ್ಷಿಣ ಗೋಳಾರ್ಧದ ಮಧ್ಯ ಅಕ್ಷಾಂಶಗಳಲ್ಲಿ 2020ರಲ್ಲಿ ಓಜೋನ್ ಶೇಕಡಾ 3ರಿಂದ 5ರಷ್ಟು ಕರಗಿತು. ಇಂಥ ಬೆಂಕಿ ಮತ್ತೆ ಮತ್ತೆ ಬಿದ್ದರೆ ಚೇತರಿಕೆಯ ಗಡುವೇ ಮುಂದಕ್ಕೆ ಹೋಗಬಹುದು.