ಡೆಂಗಿ ತಡೆಯಲು ಓಣಿಯ ತಂಡ: ಮೊದಲು ಯಾರನ್ನು ಕೇಳಬೇಕು?

ಮಳೆಗಾಲ ಬಂತೆಂದರೆ ಮಲಪ್ರಭೆಯ ದಡದ ನಮ್ಮ ಮನೋಳಿಯಲ್ಲೂ ಡೆಂಗಿ ಜ್ವರದ ಭಯ ಇದ್ದೇ ಇರುತ್ತದೆ. ಇದನ್ನು ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಚೆಗಿಂತ ಹೆಚ್ಚಾಗಿ ನಾವು ತುಂಬಿಟ್ಟ ತಿಳಿನೀರಿನಲ್ಲಿ ಬೆಳೆಯುತ್ತದೆ. ಬ್ಯಾರಲ್, ಹಂಡೆ, ಕೂಲರ್, ಹಳೆಯ ಟೈರು ಎಲ್ಲವೂ ಅದಕ್ಕೆ ಮನೆಯೇ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಖಾಲಿ ಮಾಡಿ, ಪಾತ್ರೆಯ ಒಳಬದಿಯನ್ನು ತಿಕ್ಕಿ ಒಣಗಿಸಬೇಕು. ಆದರೆ ಒಂದು ಮನೆಯವರು ಮಾಡಿ ಪಕ್ಕದವರು ಬಿಟ್ಟರೆ ಇಬ್ಬರ ಮಕ್ಕಳಿಗೂ ಅಪಾಯ. ಅದಕ್ಕೇ ಓಣಿಗೊಂದು ಸ್ವಯಂಸೇವಕರ ತಂಡ ಬೇಕು.

ಉತ್ಸಾಹಿ ಯುವಕರು ಸಿಗುತ್ತಾರೆ. ಆದರೆ ಅವರು ಬಂದು ನಿಂತರೆ ಬಾಗಿಲು ತೆರೆಯುತ್ತದೆಯೇ? ಪೋಲಿಯೋ ಅಭಿಯಾನ ನಮಗೆ ಕಲಿಸಿದ ಪಾಠ ಇದೇ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ, ಹನಿ ಹಾಕಿಸಿದರೆ ಮಕ್ಕಳು ಮುಂದೆ ಸಂತಾನಹೀನರಾಗುತ್ತಾರೆ ಎಂಬ ಗಾಳಿಸುದ್ದಿ ಹಬ್ಬಿ, ಅನೇಕ ಮುಸ್ಲಿಮ್ ಕುಟುಂಬಗಳು ಬಾಗಿಲು ಮುಚ್ಚಿದ್ದವು. ಆಗ ಇಮಾಮರು ಮಸೀದಿಗಳಿಂದ ಕರೆ ಕೊಟ್ಟರು. ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್‌ದರ್ದ್ ಸಂಸ್ಥೆಗಳು ಕೈಜೋಡಿಸಿದವು. ಅದೇ ಓಣಿಯ ಮಹಿಳೆಯರು ತರಬೇತಿ ಪಡೆದು ಮನೆಮನೆಗೆ ಹೋದರು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋ ಮುಕ್ತ ಪ್ರಮಾಣಪತ್ರ ದೊರೆಯಿತು. ಹನಿ ಮೊದಲೂ ಇತ್ತು. ನಂಬಿಕೆಯವರು ಜೊತೆಗೆ ಬಂದಾಗಲೇ ಬಾಗಿಲು ತೆರೆದವು.

ಹಾಗಾದರೆ ಸ್ವಯಂಸೇವಕರ ಹೆಸರು ಬರೆಯುವ ಮೊದಲು ನಾಲ್ಕು ಕಡೆ ಹೋಗಿ ಬನ್ನಿ.

ಮೊದಲು ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಿಬ್ಬಂದಿ. ಲಾರ್ವಾ ಹುಡುಕುವ ಕೆಲಸ ಅವರು ಮಾಡುತ್ತಲೇ ಇರುತ್ತಾರೆ. ಹುಡುಗರಿಗೆ ಕಲಿಸಬಲ್ಲವರೂ ಅವರೇ. ಎರಡನೆಯದು ಜಮಾತ್. ಜುಮಾದ ದಿನವನ್ನೇ ನೀರು ಒಣಗಿಸುವ ದಿನವೆಂದು ಇಮಾಮರು ಸಾರಿದರೆ ಯಾರೂ ಮರೆಯುವುದಿಲ್ಲ. ವುಜೂ ಮಾಡುವ ಹೌಜ್‌ನಿಂದಲೇ ತಪಾಸಣೆ ಶುರುವಾಗಲಿ. ಮೂರನೆಯದು ಮಹಿಳಾ ಸ್ವಸಹಾಯ ಸಂಘ. ಅಡುಗೆಮನೆ, ಬಚ್ಚಲಿನವರೆಗೆ ಹೋಗಬಲ್ಲವರು ಸಹೋದರಿಯರೇ. ನಾಲ್ಕನೆಯದು ಪುರಸಭೆ. ಟೈರು, ಕಸ ಒಯ್ಯಲು ಗಾಡಿ ಅವರದೇ ಬರಬೇಕು. ಪಕ್ಕದ ಓಣಿಯ ಹಿಂದೂ ಬಾಂಧವರನ್ನೂ ಮೊದಲ ಸಭೆಗೇ ಕರೆಯಿರಿ. ಸೊಳ್ಳೆಗೆ ಓಣಿಯ ಗಡಿ ಗೊತ್ತಿಲ್ಲ.

ಹೋದಾಗ ನಿಮ್ಮ ಯೋಜನೆಯನ್ನು ಒಪ್ಪಿಸಲು ನೋಡಬೇಡಿ. “ನೀವು ಈಗ ಏನು ಮಾಡುತ್ತಿದ್ದೀರಿ? ಎಲ್ಲಿ ಕೈ ಸಾಲದು?” ಎಂದು ಕೇಳಿ. ಉದ್ಘಾಟನೆಗೆ ಮಾತ್ರ ಕರೆಸಿಕೊಂಡವರು ಹಾರ ಹಾಕಿಸಿಕೊಂಡು ಹೋಗುತ್ತಾರೆ. ಮೊದಲೇ ಸಲಹೆ ಕೊಟ್ಟವರು ಕೆಲಸಕ್ಕೂ ನಿಲ್ಲುತ್ತಾರೆ. ಯಾರ ಕೆಲಸ ಯಾವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಒಂದೇ ಓಣಿಯಲ್ಲಿ ನಾಲ್ಕು ಶುಕ್ರವಾರ ಮಾಡಿ ನೋಡಿ, ಎಷ್ಟು ಮನೆಗಳಲ್ಲಿ ಲಾರ್ವಾ ಸಿಕ್ಕಿತೆಂದು ಎಲ್ಲರಿಗೂ ತಿಳಿಸಿ.

ಒಂದು ಗೆರೆ ಮಾತ್ರ ದಾಟಬಾರದು: ಸ್ವಯಂಸೇವಕರು ಔಷಧ ಕೊಡಬಾರದು. ಯುನಾನಿ ವೈದ್ಯನಾಗಿ ಹೇಳುತ್ತೇನೆ, ನಮ್ಮ ಪದ್ಧತಿಯ ಔಷಧವನ್ನೂ ಕೊಡಬಾರದು. ಜ್ವರವಿದ್ದರೆ ಆಸ್ಪತ್ರೆಗೆ ಕಳಿಸಲಿ. ಜ್ವರ ಇಳಿಯುವ ಹೊತ್ತಿನಲ್ಲಿ ತೀವ್ರ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಒಂದು ಗಂಟೆಯೂ ತಡಮಾಡಬಾರದು.

ಶುಚಿತ್ವವನ್ನು ಈಮಾನಿನ ಭಾಗವೆಂದು, ನೆರೆಯವರ ಹಕ್ಕನ್ನು ಕರ್ತವ್ಯವೆಂದು ಕಲಿತವರು ನಾವು. ಈ ಒಂದು ಕೆಲಸದಲ್ಲಿ ಅವೆರಡೂ ಸೇರಿವೆ.